ಕೆಂಪು ಓಡ್ತೈತಂತೆ

ಚನ್ನಪಟ್ಟಣದಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬೊಂಬೆ ಮಾಡುತ್ತಾರೆ. ಮುಂದೆ ವಾಸದ ಮನೆ, ಹಿತ್ತಲಿನಲ್ಲಿ ತಗಡು ಹೊದಿಸಿದ ಉದ್ದನೆಯ ಶೆಡ್ಡು. ಹಗಲೆಲ್ಲ ಅಲ್ಲಿ ಲೇತ್ ಮಿಷನ್ನುಗಳು ತಿರುಗುತ್ತಿರುತ್ತವೆ. ಆಲೆ ಮರದ ತುಂಡನ್ನು ಮಿಷನ್ನಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ನೋಡುತ್ತ ನಿಂತರೆ ಬೋಳು ಮರ ಕಣ್ಣೆದುರೇ ಹಳದಿಯಾಗುತ್ತದೆ, ಹಸಿರಾಗುತ್ತದೆ. ಶಾಲೆಯಿಂದ ಬರುವಾಗ ಎಷ್ಟೋ ಸಂಜೆ ನಾನು ಬ್ಯಾಗನ್ನೂ ಇಳಿಸದೆ ಅಲ್ಲಿ ನಿಂತುಬಿಡುತ್ತಿದ್ದೆ.

ಆ ಶೆಡ್ಡನ್ನು ನಡೆಸುವವರು ನನಗಿಂತ ಸ್ವಲ್ಪ ದೊಡ್ಡವರು. ಗಂಡ ಲಾರಿ ಓಡಿಸುತ್ತಾರೆ, ಊರಿನಲ್ಲಿ ಇರುವುದೇ ಅಪರೂಪ. ಮದುವೆಯಾಗಿ ಬಂದ ಹೊಸತರಲ್ಲಿ ಕಲಿತ ಕೆಲಸವನ್ನು ಇವರೊಬ್ಬರೇ ಬೆಳೆಸಿ, ಬೀದಿಯ ಕೆಲವು ಹೆಂಗಸರಿಗೂ ಕಲಿಸಿ, ಮಿಷನ್ ಮೇಲೆ ಕೂರಿಸಿದ್ದಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರಿಗೆ ನಾನು ಮೇಷ್ಟ್ರಮ್ಮ. ಕೈಲಾಂಚದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬೆಳಿಗ್ಗೆ ರಾಮನಗರಕ್ಕೆ ರೈಲು, ಅಲ್ಲಿಂದ ಬಸ್ಸು.

ಶೆಡ್ಡಿನಲ್ಲಿ ಅರಗು ಕಾಯಿಸಿ ಬಣ್ಣ ಕೂಡಿಸುವ ಕೆಲಸ ಮಾತ್ರ ಒಬ್ಬ ಹಿರಿಯರದು. ಅವರ ಊರು ನಮ್ಮ ಶಾಲೆಯ ಪಕ್ಕದ ಹಳ್ಳಿ. ಒಂದಿಷ್ಟು ಹಿಪ್ಪುನೇರಳೆ ತೋಟ, ರಾಗಿ ಹೊಲ, ಎರಡು ಹಸು ಇಟ್ಟುಕೊಂಡವರು. ಹರೆಯದಲ್ಲಿ ಚನ್ನಪಟ್ಟಣಕ್ಕೆ ಬಂದು ಅರಗಿನ ಕೆಲಸ ಕಲಿತರಂತೆ, ಅದನ್ನು ಬಿಡಲಾಗಲಿಲ್ಲ. ಅಕ್ಕ ಅವರನ್ನು ಮಾವ ಎನ್ನುತ್ತಿದ್ದರು. ನೆಂಟಸ್ತನವೇನಿಲ್ಲ, ಕರೆದು ಕರೆದು ನನಗೂ ಮಾವನೇ ಆದರು. ಬೆಳಿಗ್ಗೆ ನಾನು ಅವರ ಊರಿನ ಕಡೆಗೆ ಹೋಗುವ ಹೊತ್ತಿಗೆ ಅವರು ನಮ್ಮ ಊರಿನ ಕಡೆಗೆ ಬರುತ್ತಿದ್ದರು. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ, "ನೀವ್ ಅತ್ಲಾಗೆ, ನಾನ್ ಇತ್ಲಾಗೆ. ಊರ್ ಅದ್ಲುಬದ್ಲು ಮಾಡ್ಕಂಡ್ರೆ ಬಸ್ಸಿನ ಕಾಟನಾರೂ ತಪ್ತದೆ" ಎಂದು ನಗುತ್ತಿದ್ದರು.

ಅಕ್ಕನಿಗೆ ಇಂಗ್ಲೆಂಡಿನಲ್ಲಿ ಒಬ್ಬ ಗಿರಾಕಿ ಇದ್ದಾರೆ. ವಯಸ್ಸಾದ ಹೆಂಗಸು. ಕಡಲ ತೀರದ ಯಾವುದೋ ಸಣ್ಣ ಊರಿನಲ್ಲಿ ಎಳೆಯ ಮಕ್ಕಳ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ. ಒಮ್ಮೆ ಮೈಸೂರು ನೋಡಲು ಹೊರಟವರು ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಬೊಂಬೆ ಎಲ್ಲಿ ಮಾಡುತ್ತಾರೆಂದು ಕೇಳುತ್ತ ಕೇಳುತ್ತ ಈ ಶೆಡ್ಡಿಗೆ ಬಂದರಂತೆ. ಅಂದಿನಿಂದ ಕೂಸುಗಳ ಗಿಲಕಿ, ಮರದ ಉಂಗುರ, ಉರುಳುವ ಆನೆ, ಇಂಥವನ್ನು ತರಿಸಿಕೊಳ್ಳುತ್ತಾರೆ. ಮಾತುಕತೆಯೆಲ್ಲ ಫೋನಿನಲ್ಲಿ. ಅವರು ಬರೆದದ್ದನ್ನು ಫೋನೇ ಕನ್ನಡ ಮಾಡಿಕೊಡುತ್ತಿತ್ತು, ಅಕ್ಕ ಬರೆದದ್ದನ್ನು ಇಂಗ್ಲಿಷ್ ಮಾಡಿ ಕಳಿಸುತ್ತಿತ್ತು. ಹಾಗಾಗಿ ನನ್ನ ಹತ್ತಿರ ಆ ವಿಷಯಕ್ಕೆ ಬಂದವರೇ ಅಲ್ಲ.

ಆವತ್ತು ಸಂಜೆ ನಾನು ಬೀದಿಗೆ ತಿರುಗಿದ ಕೂಡಲೆ ಅಕ್ಕ ಗೇಟಿನಿಂದಲೇ ಕೂಗಿದರು.

"ಬನ್ನಿ ಮೇಷ್ಟ್ರಮ್ಮ, ಬಾಯ್ ಸಿಹಿ ಮಾಡ್ಕೊಂಡ್ ಹೋಗಿ!"

ಒಳಗೆ ಹೋದರೆ ಹೆಂಗಸರೆಲ್ಲ ಮಿಷನ್ ನಿಲ್ಲಿಸಿ, ಪೇಪರಿನ ಮೇಲೆ ಸುರಿದ ಜಿಲೇಬಿಯ ಸುತ್ತ ಕೂತಿದ್ದರು. ಮಾವ ಗೋಡೆಗೊರಗಿ ಕೂತು ನಿಧಾನಕ್ಕೆ ತಿನ್ನುತ್ತಿದ್ದರು. ಅಕ್ಕ ನನ್ನ ಕೈಗೂ ಒಂದಿಟ್ಟರು.

"ಏನಕ್ಕ ವಿಶೇಷ?"

"ನಮ್ ಕೆಂಪು ಗಿಲಕಿ ಆ ದೇಶದಲ್ಲಿ ಓಡ್ತೈತಂತೆ! ಯಾವತ್ತೂ ಬರೆಯೋಳು, ಇವತ್ತು ಖುಷಿ ತಡೀನಾರದೆ ಬಾಯಲ್ಲೇ ಮಾತಾಡಿ ಕಳ್ಸವ್ಳೆ. ಬಾಯ್ಮಾತ್ನ ಫೋನು ಕನ್ನಡ ಮಾಡಕ್ಕಿಲ್ಲ, ನಾನೇ ಬಿಡಿಸ್ಕೊಂಡೆ. ಎಷ್ಟು ಓಡ್ತೈತೆ ಅಂದ್ರೆ ಅವಳಿಗೇ ಭಯ ಆಗೈತಂತೆ."

ಅವರ ಹಿಂದೆ ಗೋಣಿತಾಟಿನ ಮೇಲೆ, ಒಣಮೆಣಸಿನಕಾಯಿ ಹರವಿದ ಹಾಗೆ ಕೆಂಪು ಗಿಲಕಿಗಳು. ಹಳದಿ, ಹಸಿರಿನ ಕೆಲಸ ನಿಲ್ಲಿಸಿ ಬೆಳಗ್ಗೆಯಿಂದ ಬರೀ ಕೆಂಪನ್ನೇ ಕಡೆದಿದ್ದರು.

ಭಯ ಎನ್ನುವ ಮಾತು ನನಗೆ ಸರಿ ಕಾಣಲಿಲ್ಲ. "ಒಂದ್ ಸಲ ಕೇಳಿಸಿ ಅಕ್ಕ, ನಾನೂ ಕೇಳ್ತೀನಿ" ಎಂದೆ.

ಅಕ್ಕ ಹೆಮ್ಮೆಯಿಂದ ಫೋನನ್ನು ನನ್ನ ಕಿವಿಗೆ ಹಿಡಿದರು. ಮೃದುವಾದ ದನಿ, ಸ್ವಲ್ಪ ಅವಸರ. ಎಲ್ಲವೂ ಚೆನ್ನಾಗಿ ಬಂದು ಸೇರಿದೆ ಎಂದರು. ಆಮೇಲೆ ಒಂದು ಉಸಿರು ಬಿಟ್ಟು, "ಬಟ್ ದ ರೆಡ್ ರನ್ಸ್, ಐ ಆಮ್ ಅಫ್ರೈಡ್" ಎಂದರು. ಮುಂದಿನದನ್ನು ಬೇಗಬೇಗ ಹೇಳಿದ್ದರು. ಒಂದು ಮಗು ಗಿಲಕಿಯನ್ನು ಬಾಯಿಗಿಟ್ಟುಕೊಂಡು ಚೀಪಿ ಗದ್ದವೆಲ್ಲ ಗುಲಾಬಿ ಬಣ್ಣವಾಯಿತಂತೆ. ಮಗುವಿಗೇನೂ ಆಗಿಲ್ಲ, ಆದರೆ ತಾಯಿ ಹೆದರಿ ವಾಪಸ್ಸು ತಂದುಕೊಟ್ಟಳಂತೆ.

ಬಾಯಲ್ಲಿದ್ದ ಜಿಲೇಬಿಯನ್ನು ಹೇಗೋ ನುಂಗಿದೆ. ಅಕ್ಕನ ಮುಖ ಇನ್ನೂ ನಗುತ್ತಲೇ ಇತ್ತು.

"ಅಕ್ಕ, ಇದು ಆ ಓಡೋದಲ್ಲ."

"ಮತ್ತೆ ಯಾವ ಓಡೋದು? ರನ್ ಅಂದ್ರೆ ಓಡು ತಾನೆ? ಅಷ್ಟು ನಂಗೂ ಬತ್ತದೆ."

"ರನ್ ಅಂದ್ರೆ ಓಡು, ಸರಿ. ಆದ್ರೆ ಬಣ್ಣ ರನ್ ಆಗುತ್ತೆ ಅಂದ್ರೆ ನೀರಲ್ಲಿ ಬಿಟ್ಕೊಳ್ಳುತ್ತೆ ಅಂತ. ಅಫ್ರೈಡ್ ಅಂದಿದ್ದು ಭಯಕ್ಕಲ್ಲ. ಹೇಳೋಕೆ ಬೇಜಾರಾಗುತ್ತೆ ಅನ್ನೋದನ್ನ ಅವರು ಹಾಗೆ ಹೇಳ್ತಾರೆ. ಗಿಲಕಿ ಚೀಪಿ ಒಂದು ಮಗೂನ ಬಾಯಿ, ಗದ್ದ ಎಲ್ಲ ಬಣ್ಣ ಆಯ್ತಂತೆ, ಮಗೂಗೇನೂ ಆಗಿಲ್ಲ."

ಒಬ್ಬ ಹೆಂಗಸು ಮೆಲ್ಲಗೆ, "ನಮ್ ಸೀರೆ ಬಣ್ಣ ಬುಡ್ತದೆ. ಅವರ್ದು ಓಡೋಯ್ತದಾ?" ಎಂದಳು. ಯಾರೋ ನಗಲು ಹೋಗಿ ಸುಮ್ಮನಾದರು.

ಅಕ್ಕ ಎದ್ದು ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು, ಹರವಿದ್ದ ಗಿಲಕಿಗಳಲ್ಲಿ ಒಂದನ್ನು ಅದರೊಳಗಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಮೊದಲು ಏನೂ ಆಗಲಿಲ್ಲ, ಎಲ್ಲರಿಗೂ ಸ್ವಲ್ಪ ಧೈರ್ಯ ಬಂತು. ನಂತರ ಗಿಲಕಿಯ ಕುತ್ತಿಗೆಯ ಗೀರಿನಿಂದ ತೆಳ್ಳಗೆ, ಹೊಗೆಯ ಎಳೆಯಂತೆ, ಕೆಂಪು ಹೊರಟಿತು.

ಮಾವ ಕೈಯಲ್ಲಿದ್ದ ಅರ್ಧ ಜಿಲೇಬಿಯನ್ನು ಪೇಪರಿನ ಮೇಲೆ ವಾಪಸ್ಸಿಟ್ಟರು. ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬಸ್ಸಿಗೊತ್ತಾಯ್ತು. ಹೋಯ್ತೀನಿ ಕಣವ್ವ" ಎಂದರು.

ಅಕ್ಕ ಲೋಟವನ್ನೇ ನೋಡುತ್ತ ತಲೆಯಾಡಿಸಿದರು. ಮಾವ ಗೇಟು ದಾಟಿದ ಮೇಲೆ ಅಕ್ಕನ ಮುಖ ಬದಲಾಯಿತು. "ಏನಂದ್ರು ಮಾವ? ಹೋಯ್ತೀನಿ ಅಂದ್ರಾ?" ಎಂದು ನನ್ನನ್ನು ಕೇಳಿದರು. ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬತ್ತೀನಿ ಎನ್ನುತ್ತಾರೆ. ಹೋಗುವ ಮಾತು ತಿರುಗಿ ಬರದವರದು. ಅಷ್ಟು ವರ್ಷದಲ್ಲಿ ಮಾವ ಒಂದು ದಿನವೂ ಆ ಮಾತಾಡಿರಲಿಲ್ಲ. ಅಕ್ಕ ಬೀದಿಗೆ ಓಡಿದರು. ಮಾವ ಆಗಲೇ ಆಟೋ ಹತ್ತಿದ್ದರು.

ತಪ್ಪು ಆದದ್ದು ಎಲ್ಲಿ ಎಂದು ಆ ಸಂಜೆಯೇ ತಿಳಿಯಿತು. ಯಾವಾಗಲೂ ತರುವ ಅಂಗಡಿಯಲ್ಲಿ ಕೆಂಪು ಪುಡಿ ಇಲ್ಲವೆಂದು ಅಕ್ಕ ಬೇರೆ ಕಡೆಯಿಂದ ತರಿಸಿದ್ದರು. ಆ ಪುಡಿ ನೀರಿಗೆ ಕರಗುವ ಜಾತಿಯದು, ಅರಗಿನೊಳಗೆ ಪೂರ್ತಿ ಬೆರೆಯುವುದಿಲ್ಲ. ಮಾವನಿಗೂ ಗೊತ್ತಾಗಲಿಲ್ಲ. ಹೊಳಪು ಎಂದಿಗಿಂತ ಚೆನ್ನಾಗಿ ಬಂತೆಂದು ಇಬ್ಬರೂ ಸಂತೋಷಪಟ್ಟಿದ್ದರು.

"ನಾನು ಮಾತಾಡಿ ಹೇಳಲಾ ಅಕ್ಕ, ಅವರಿಗೆ?" ಎಂದೆ.

"ಬೇಡ. ನೀವು ಹೇಳ್ಕೊಡಿ, ನಾನೇ ಹೇಳ್ತೀನಿ. ನನ್ ಶೆಡ್ಡಿನ ತಪ್ಪು ನನ್ ಬಾಯಿಂದ ಹೋಗ್ಲಿ."

ಹಿತ್ತಲ ಕಲ್ಲಿನ ಮೇಲೆ ಕೂತು ಅಭ್ಯಾಸ ಮಾಡಿದೆವು. ನಾನು ಉದ್ದುದ್ದ ಹೇಳಿಕೊಟ್ಟದ್ದನ್ನು ಅವರು ಮುರಿದು ಚಿಕ್ಕದು ಮಾಡಿಕೊಂಡರು. ಕೊನೆಗೆ ಫೋನು ಹಿಡಿದು, ಎದುರಿಗೆ ನಿಂತವರಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಸಿಸ್ಟರ್, ಸಾರಿ. ರೆಡ್ ರನ್. ಐ ಸೀ ವಾಟರ್, ರೆಡ್ ರನ್. ನೋ ಸೇಲ್ ರೆಡ್. ಐ ಮೇಕ್ ನ್ಯೂ ರೆಡ್, ಗುಡ್ ರೆಡ್" ಎಂದರು. ಕಳಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಗೋಣಿತಾಟಿನ ಮೇಲಿದ್ದ ಗಿಲಕಿಗಳನ್ನೆಲ್ಲ ಮತ್ತೆ ಮಿಷನ್ನಿಗೆ ಹಾಕಿ ಬಣ್ಣ ಕೆರೆದು ತೆಗೆಯಲು ಹೆಂಗಸರಿಗೆ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೊರಟಿದ್ದೆ. ಅಕ್ಕ ಗೇಟಿನಲ್ಲಿ ಕಾದು ನಿಂತಿದ್ದರು. ಗಿರಾಕಿಯಿಂದ ಉತ್ತರ ಬಂದಿತ್ತು, ಈ ಸಲವೂ ಬಾಯಿಮಾತಿನಲ್ಲೇ. ತಮಗೆ ಅರ್ಥವಾದಷ್ಟನ್ನು ಆಗಲೇ ಬಿಡಿಸಿಕೊಂಡಿದ್ದರು.

"ಎಲ್ಲಿಗೂ ಹೋಗಲ್ವಂತೆ ಕಣ್ರೀ. ಯಾಕೆ, ಮೈಗುಸಾರಿಲ್ವಾ ಪಾಪ?"

ನಾನೂ ಫೋನನ್ನು ಕಿವಿಗಿಟ್ಟು ಕೇಳಿದೆ. ಚಿಂತೆ ಮಾಡಬೇಡ, ನಿಧಾನವಾಗಿ ಮಾಡು ಎಂದಿದ್ದರು ಆಕೆ. ಕೊನೆಯಲ್ಲಿ, "ಐ ಆಮ್ ನಾಟ್ ಗೋಯಿಂಗ್ ಎನಿವೇರ್."

"ಮೈಗೆ ಹುಷಾರಾಗೇ ಇದ್ದಾರೆ ಅಕ್ಕ. ಎಲ್ಲೂ ಹೋಗಲ್ಲ ಅಂದ್ರೆ ನಿಮ್ಮನ್ನ ಬಿಟ್ಟು ಬೇರೆಯವರ ಹತ್ರ ಹೋಗಲ್ಲ ಅಂತ. ನೀವು ಸರಿ ಮಾಡೋವರೆಗೆ ಕಾಯ್ತೀನಿ ಅಂತ."

ಅಕ್ಕ ಕೈಯಲ್ಲಿದ್ದ ಫೋನಿನ ಕಡೆ ನೋಡಿದರು. "ಅಷ್ಟು ದೊಡ್ಡ ಮಾತ್ನ ಇಷ್ಟು ಚಿಕ್ಕದ್ರಲ್ಲಿ ಹೇಳ್ಬುಟ್ಲಾ" ಎಂದರು. ಆಮೇಲೆ ಶೆಡ್ಡಿನ ಕಡೆ ನೋಡಿ, "ಮಾವ ಬಂದಿಲ್ಲ" ಎಂದರು.

ಮಾವ ಅಂದೂ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಫೋನು ಮಾಡಿದರೆ ಹೆಂಡತಿ ಎತ್ತಿ, ತೋಟಕ್ಕೆ ಹೋಗವ್ರೆ ಎನ್ನುತ್ತಿದ್ದರು. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ನಾನು ಎದುರು ಬರುವ ಬಸ್ಸುಗಳನ್ನು ನೋಡುತ್ತಿದ್ದೆ. ಇಳಿಯುವವರಲ್ಲಿ ಆ ಬಿಳಿ ಟವೆಲ್ಲು ಕಾಣಲಿಲ್ಲ. ಭಾನುವಾರ ಅಕ್ಕ, "ಬನ್ನಿ ಮೇಷ್ಟ್ರಮ್ಮ, ಹೋಗಿ ಕರ್ಕೊಂಡ್ ಬರಾನ. ಆ ಕಡೆ ದಾರಿ ನಿಮಗೆ ಗೊತ್ತಲ್ಲ" ಎಂದು ಸ್ಕೂಟರ್ ತೆಗೆದರು.

ರಾಮನಗರ ದಾಟಿ ಬಂಡೆಗಳ ನಡುವಿನ ರಸ್ತೆಗೆ ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ದಿನವೂ ಬಸ್ಸಿನ ಕಿಟಕಿಯಿಂದ ನೋಡುವ ದಾರಿ, ಸ್ಕೂಟರಿನ ಹಿಂದೆ ಕೂತರೆ ಬೇರೆಯೇ ಕಂಡಿತು. ಹಾಲಿನ ಡೈರಿಯ ಮುಂದೆ ಕ್ಯಾನುಗಳು, ಹಿಪ್ಪುನೇರಳೆಯ ಹಸಿರು, ಅದರ ಹಿಂದೆ ಬೂದು ಬಂಡೆ. ದಾರಿಯಲ್ಲಿ ಒಂದು ಸಲ ಮಾತ್ರ ಅಕ್ಕ, "ನನ್ ಮೇಲೆ ಸಿಟ್ಟಾಗಿದ್ರೆ ಪರ್ವಾಗಿಲ್ಲ. ತಮ್ ಮೇಲೇ ಸಿಟ್ಟಾಗವ್ರಲ್ಲ, ಅದೇ ಕಷ್ಟ" ಎಂದರು.

ಮಾವ ತೋಟದಲ್ಲಿ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದರು. ನಮ್ಮನ್ನು ಕಂಡು ಕುಡುಗೋಲನ್ನು ಸೊಪ್ಪಿನ ಹೊರೆಗೆ ಸಿಕ್ಕಿಸಿ ಬದುವಿಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮನೆಗೆ ನೆಂಟರು ಬಂದರೆ ಕೇಳುವ ಹಾಗೆ, "ಏನವ್ವ, ಮೇಡಮ್ಮೋರ್ನೂ ಕರ್ಕಂಡ್ ಬಂದ್ಬುಟ್ಟೆ? ಬನ್ನಿ, ಮಜ್ಜಿಗೆ ಕುಡೀರಿ" ಎಂದರು.

"ಮಜ್ಜಿಗೆ ಆಮೇಲೆ ಕುಡಿಯಾನ. ಕೆಲ್ಸಕ್ಕೆ ಯಾಕ್ ಬರ್ಲಿಲ್ಲ?"

ಮಾವ ಬದುವಿನ ಮೇಲೆ ಕೂತರು. ಕೈಗಂಟಿದ್ದ ಸೊಪ್ಪಿನ ರಸವನ್ನು ಮಣ್ಣಿಗೆ ಉಜ್ಜಿಕೊಂಡರು. "ಕೂಸಿನ ಬಾಯ್ಗೋಗೋ ಸಾಮಾನು ಕಣವ್ವ. ಎಲ್ಲೋ ಒಂದ್ ಎಳೇ ಮಗೀನ ಬಾಯೆಲ್ಲ ಕೆಂಪಗಾಯ್ತು ಅಂದ್ರಲ್ಲ, ಅದ್ ಕಣ್ಮುಂದೇ ಐತೆ. ಬಣ್ಣನೇ ಓಡೋದ್ಮೇಲೆ ಬೇಯ್ಸ್ದೋನು ಅಲ್ಲೇ ಕುಂತಿರಕಾದದಾ?"

"ಪುಡಿ ತರ್ಸಿದ್ದು ನಾನು."

"ಕಾಯ್ಸಿದ್ದು ನಾನು."

ತೋಟದಲ್ಲಿ ಗಾಳಿ ಬೀಸಿ ಸೊಪ್ಪಿನ ಹೊರೆ ಅಲುಗಿತು. ನಾನು ಏನಾದರೂ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅಕ್ಕನೇ ಮಾತು ತೆಗೆದರು.

"ಆವಮ್ಮ ಉತ್ರ ಕಳ್ಸವ್ಳೆ ಮಾವ. ಐ ಆಮ್ ನಾಟ್ ಗೋಯಿಂಗ್ ಎನಿವೇರ್ ಅಂದವ್ಳೆ."

"ಅಂಗಂದ್ರೆ?"

"ನಮ್ಮನ್ನ ಬುಟ್ಟು ಎಲ್ಲೂ ಹೋಗಕ್ಕಿಲ್ಲ ಅಂತ. ಅಷ್ಟು ದೂರ್ದಲ್ಲಿರೋಳು ಹೋಗಕ್ಕಿಲ್ಲ ಅಂತವ್ಳೆ. ಇಲ್ಲೇ ಬಸ್ಸಿನ ದೂರ್ದಲ್ಲಿರೋ ನೀವು ಆವತ್ತು ಬತ್ತೀನಿ ಅನ್ನಲಿಲ್ಲ, ಹೋಯ್ತೀನಿ ಅಂದ್ರಿ. ನಂಗೆ ಮೂರ್ ದಿನದಿಂದ ಅನ್ನ ಇಳೀತಾ ಇಲ್ಲ."

ಮಾವ ತಲೆಯೆತ್ತಿ ನೋಡಿದರು. "ಅಂಗಂದ್ನಾ ನಾನು?" ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. "ಥೂ, ಬಾಯ್ ತಪ್ಪಿ ಬಂದದೆ. ಅಂಗ್ ಅನ್ನಬಾರ್ದಿತ್ತು" ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಬಣ್ಣದ ವಿಷಯಕ್ಕಿಂತ ಆ ಮಾತಿಗೇ ಹೆಚ್ಚು.

ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಒಳಗೆ ಮಜ್ಜಿಗೆ ಕಡೆಯುತ್ತಿದ್ದರು. ನಮ್ಮನ್ನು ಕಂಡವರೇ, "ಕರ್ಕಂಡ್ ಹೋಗ್ರವ್ವ ಇವರ್ನ. ಮನೇಲಿರೋ ಹಳೇ ಬೊಂಬೆನೆಲ್ಲ ತಂಬಿಗೆ ನೀರಿಗಾಕಿ ಕಾಯ್ತಾ ಕುಂತವ್ರೆ. ನನ್ ಅಡ್ಗೆಗೆ ಒಂದ್ ಪಾತ್ರೆ ಉಳಿಸಿಲ್ಲ" ಎಂದು ದೂರು ಹೇಳಿದರು. ನಡುಮನೆಯಲ್ಲಿ ಸಾಲಾಗಿ ತಂಬಿಗೆ, ಚೊಂಬು, ಬೋಗುಣಿ. ಪ್ರತಿಯೊಂದರಲ್ಲೂ ಒಂದು ಬೊಂಬೆ ಮುಳುಗಿತ್ತು. ಎಲ್ಲದರಲ್ಲೂ ನೀರು ತಿಳಿಯಾಗಿಯೇ ಇತ್ತು. ಅಕ್ಕ ಒಂದೊಂದನ್ನೂ ಬಗ್ಗಿ ನೋಡಿ, ಮೊದಲ ಸಲ ನಕ್ಕರು.

"ಹುಳ ಇನ್ನೇನ್ ಜ್ವರಕ್ಕೆ ಕೂರ್ತವೆ. ಕುಂತ ಕೂಡ್ಲೆ ಬತ್ತೀನಿ" ಎಂದರು ಮಾವ. ರೇಷ್ಮೆಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಬತ್ತೀನಿ ಎನ್ನುವ ಮಾತನ್ನು ಅವರು ಒತ್ತಿ ಹೇಳಿದರು.

ಹೇಳಿದ ಹಾಗೆ ಬಂದರು. ಹಳೆಯ ಅಂಗಡಿಯ ಪುಡಿ ಬಂದಿತ್ತು. ಮಾವ ಅರಗನ್ನು ಕೆಂಡದ ಮೇಲೆ ಕಾಯಿಸಿ, ಎಳೆದು ಮಡಿಸಿ, ಮತ್ತೆ ಎಳೆದು, ನಾದಿ ನಾದಿ ಕೆಂಪು ಮಾಡಿದರು. ಮಾಡಿದ್ದನ್ನೆಲ್ಲ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವುದು ಅಂದಿನಿಂದ ಆ ಶೆಡ್ಡಿನ ರೂಢಿಯಾಯಿತು. ಅಷ್ಟಕ್ಕೂ ಸಮಾಧಾನವಾಗದೆ ಮಾವ ಒಂದು ಗಿಲಕಿಯನ್ನು ಬೀಡಿ ಕಚ್ಚಿದ ಹಾಗೆ ಬಾಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದರು. ಮಾತಾಡಿದರೆ ಗಲಗಲ ಎನ್ನುತ್ತಿತ್ತು. ಹೆಂಗಸರು ನಕ್ಕು ನಕ್ಕು ಉಳಿ ಕೆಳಗಿಟ್ಟುಬಿಡುತ್ತಿದ್ದರು. ಸಂಜೆ ಅದನ್ನು ತೆಗೆದು ಅಕ್ಕನಿಗೆ ನಾಲಿಗೆ ಚಾಚಿ ತೋರಿಸುತ್ತಿದ್ದರು.

ಆ ದಿನಗಳಲ್ಲಿಯೇ ಅಕ್ಕ ನನ್ನ ಹತ್ತಿರ ಇಂಗ್ಲಿಷ್ ಕೇಳಲು ಶುರು ಮಾಡಿದ್ದು. ಎಬಿಸಿಡಿ ಬೇಡ, ದೊಡ್ಡ ದೊಡ್ಡ ಪದವೂ ಬೇಡ ಎಂದರು. "ಈ ಚಿಕ್ಕ ಚಿಕ್ಕವೇ ಮೋಸ ಮಾಡೋದು. ಹೋಗು, ಬಾ, ಓಡು, ತಿರುಗು. ಇವನ್ನ ಹೇಳ್ಕೊಡಿ." ಸಂಜೆ ಮಿಷನ್ನುಗಳು ನಿಂತ ಮೇಲೆ, ಮರದ ಹೊಟ್ಟು ಗುಡಿಸುವ ಹೊತ್ತಿನಲ್ಲಿ ನಮ್ಮ ಪಾಠ.

ಅವರ ಗಿರಾಕಿಯ ಹಳೆಯ ಮಾತುಗಳನ್ನೇ ತೆಗೆದುಕೊಂಡೆವು. ಈ ನೀಲಿ ಆ ಹಳದಿಯ ಜೊತೆ ಗೋ ಆಗುತ್ತೆ ಎಂದರೆ ಎರಡೂ ಸೇರಿ ಎಲ್ಲಿಗೂ ಹೋಗುವುದಿಲ್ಲ, ಒಂದಕ್ಕೊಂದು ಒಪ್ಪುತ್ತವೆ. "ಓ, ಹೊಂದ್ಕೊಂಡ್ ಹೋಗೋದು!" ಎಂದರು ಅಕ್ಕ. "ಅದು ನಮ್ಮಲ್ಲೂ ಐತಲ್ಲ. ಅತ್ತೆ ಸೊಸೆ ಹೊಂದ್ಕೊಂಡ್ ಹೋಗ್ಬೇಕು ಅಂತೀವಿ. ಅವರೂ ಎಲ್ಲಿಗೂ ಹೋಗಕ್ಕಿಲ್ಲ, ಮನೇಲೇ ಇರ್ತಾರೆ." ಈ ಆನೆ ಹಸಿರಲ್ಲಿ ಕಮ್ ಆಗುತ್ತಾ ಎಂದು ಕೇಳಿದ್ದು ಅವರಿಗೆ ಕೂಡಲೆ ತಿಳಿಯಿತು, ಅಂಗಡಿಗಳಲ್ಲಿ ನಾವೂ ಹಸಿರಲ್ಲಿ ಬರುತ್ತಾ ಎಂದೇ ಕೇಳುತ್ತೇವೆ. ಟರ್ನ್ ಮಾತ್ರ ಕಾಡಿತು. ತಿರುಗುವುದೂ ಟರ್ನ್, ಮರ ಕಡೆಯುವುದೂ ಟರ್ನ್, ಸರದಿಯೂ ಟರ್ನ್, ಹಾಲು ಕೆಟ್ಟರೂ ಟರ್ನ್. "ಒಂದೇ ಆಳಿಗೆ ಎಷ್ಟ್ ಕೆಲ್ಸ ಹೇಳ್ತಾರೆ ಇವರು" ಎಂದು ಆ ಪದದ ಮೇಲೆ ಕನಿಕರಪಟ್ಟರು. ಕಡೆಯುವುದು ಎಂದರೆ ನಮ್ಮಲ್ಲಿ ಮಜ್ಜಿಗೆಗೂ ಆಯಿತು, ಮರಕ್ಕೂ ಆಯಿತು ಎಂದು ನಾನು ನೆನಪಿಸಿದಾಗ, "ಅದ್ಯಾಕೆ ನನಗೆ ಹೊಳೀಲಿಲ್ಲ?" ಎಂದು ಆಶ್ಚರ್ಯಪಟ್ಟರು.

ನನ್ನ ತರಗತಿಗೂ ಇದು ಹರಿಯಿತು. ಒಂದು ಪದಕ್ಕೆ ಒಂದು ಅರ್ಥ ಬರೆಸುವುದನ್ನು ಬಿಟ್ಟು, ಮೊದಲು ಕನ್ನಡದ ಓಡು ಎಷ್ಟು ಕಡೆ ಓಡುತ್ತದೆ ಹೇಳಿ ಎಂದು ಮಕ್ಕಳನ್ನು ಕೇಳಿದೆ. ಒಬ್ಬಳು ಎದ್ದು, "ನಮ್ ಬೋರ್‌ವೆಲ್ ಓಡ್ತಾ ಇಲ್ಲ ಮಿಸ್" ಎಂದಳು. ಪಿಚ್ಚರ್ ಓಡ್ತು ಎಂದ ಇನ್ನೊಬ್ಬ. ತಲೆ ಓಡ್ತಿಲ್ಲ, ಗಾಡಿ ಓಡ್ತೈತೆ, ಸಂಸಾರ ಓಡ್ತೈತೆ. ಹಿಂದಿನ ಬೆಂಚಿನಿಂದ ಯಾರೋ, "ಪಕ್ಕದ್ಮನೆ ಅಕ್ಕ ಓಡೋದ್ಲು ಮಿಸ್" ಎಂದಾಗ ತರಗತಿ ಹೋ ಎಂದಿತು. ಅಲ್ಲಿಂದ ರನ್ ಕಡೆಗೆ ಬರುವುದು ಸುಲಭವಾಯಿತು. ಭಾಷೆ ಯಾವುದಾದರೇನು, ಕಾಲಿನ ಮಾತುಗಳನ್ನು ಮನುಷ್ಯ ಕಾಲಿಗಷ್ಟೇ ಇಟ್ಟುಕೊಂಡಿಲ್ಲ ಎಂದು ಮಕ್ಕಳಿಗೆ ಹೇಳಿದೆ.

ಮಳೆಗಾಲ ಕಳೆದ ಮೇಲೆ ಆ ಗಿರಾಕಿ ತಾವೇ ಬಂದರು. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತೇನೆಂದು ಹಟ ಮಾಡಿದರಂತೆ. ಅಕ್ಕ ಮತ್ತು ನಾನು ಸ್ಟೇಷನ್ನಿಗೆ ಹೋಗಿದ್ದೆವು. ನೆರೆತ ಗಿಡ್ಡ ಕೂದಲು, ಹತ್ತಿಯ ಕುರ್ತಾ, ಕೈಯಲ್ಲಿ ಊರುಗೋಲು. ಇಳಿದವರೇ ಅಕ್ಕನನ್ನು ಗುರುತಿಸಿ ಎರಡೂ ಕೈ ಹಿಡಿದುಕೊಂಡರು. ಫೋನಿನಲ್ಲಿ ಅಷ್ಟು ಮಾತಾಡಿದವರು ಈಗ ಇಬ್ಬರೂ ಬರೀ ನಗುತ್ತಿದ್ದರು.

ಶೆಡ್ಡಿನಲ್ಲಿ ಮಾವ ಒಗೆದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಆಕೆ ಒಳಗೆ ಕಾಲಿಟ್ಟ ಕೂಡಲೆ ಕೈ ಮುಗಿದು, ನನ್ನ ಕಡೆ ತಿರುಗಿದರು. "ಮೇಡಮ್ಮೋರೆ, ಮೊದ್ಲು ಇದ್ನ ಹೇಳ್ಬುಡಿ. ಆ ಮಗೀಗೆ ಅಂಗಾದದ್ದು ನನ್ ಕೈಯಿಂದ. ಬೇಕಂತ ಮಾಡಿದ್ದಲ್ಲ. ಆವತ್ನಿಂದ ಮನಸ್ನಲ್ಲೇ ಐತೆ ಅಂತ ಹೇಳಿ."

ಹೇಳಿದೆ. ಆಕೆ ಊರುಗೋಲನ್ನು ಗೋಡೆಗೆ ಒರಗಿಸಿ ಮಾವನ ಹತ್ತಿರ ಹೋದರು. ಆ ಮಗು ಈಗ ನಡೆಯುತ್ತದೆ, ಅಂಗಡಿಗೆ ಬಂದರೆ ಎಲ್ಲ ಎಳೆದು ಬೀಳಿಸುತ್ತದೆ ಎಂದರು. ನಂತರ ಅವರ ಕೈ ಮುಟ್ಟಿ, "ಓ, ಲೆಟ್ ಇಟ್ ಗೋ" ಎಂದರು.

ಅಷ್ಟು ದಿನ ಇಂಗ್ಲಿಷಿನ ಪ್ರತಿ ಮಾತಿಗೂ ಸುತ್ತು ಬಳಸಿ ಅರ್ಥ ಹೇಳುತ್ತಿದ್ದ ನಾನು ಬಾಯಿ ತೆರೆದೆ. ಸುತ್ತಬೇಕಾಗಿಯೇ ಇರಲಿಲ್ಲ. ಪದಕ್ಕೆ ಪದ ಕನ್ನಡದಲ್ಲಿ ಸಿದ್ಧವಾಗಿತ್ತು.

"ಹೋಗ್ಲಿ ಬಿಡಿ ಅಂತಿದ್ದಾರೆ ಮಾವ."

"ಅಂಗೇ ಅಂದ್ರಾ? ಹೋಗ್ಲಿ ಬುಡಿ ಅಂತ?"

"ಹಾಗೇ ಅಂದ್ರು."

"ನಮ್ಮಂಗೇ ಮಾತಾಡ್ತಾರಲ್ಲ!" ಎಂದು ಮಾವ ಆಕೆಯ ಮುಖವನ್ನೇ ನೋಡಿದರು. ಕಣ್ಣಂಚು ಒದ್ದೆಯಾಗಿತ್ತು, ಅದನ್ನು ಮರೆಸಲು ಅರಗಿನ ಕಡ್ಡಿಗಳನ್ನು ತೋರಿಸಲು ಶುರು ಮಾಡಿದರು. ಕೆಂಪು, ಹಳದಿ, ಹಸಿರು, ಎಲ್ಲವನ್ನೂ ಆಕೆಯ ಅಂಗೈಯಲ್ಲಿಟ್ಟರು. ಆಕೆ ಮೂಸಿ ನೋಡಿದರು. ಮಾವ ಕನ್ನಡದಲ್ಲಿ ಹೇಳುತ್ತಿದ್ದರು, ಆಕೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ನನ್ನನ್ನು ಇಬ್ಬರೂ ಮರೆತಿದ್ದರು.

ಮಿಷನ್ ತಿರುಗುವುದನ್ನು ಬಹಳ ಹೊತ್ತು ನೋಡಿ ಆಕೆ, "ಮೇ ಐ ಹ್ಯಾವ್ ಎ ಟರ್ನ್?" ಎಂದರು.

ನಾನು ಹೇಳುವ ಮೊದಲೇ ಅಕ್ಕ ಸ್ಟೂಲು ಎಳೆದು ಇಟ್ಟಿದ್ದರು. "ಅವರ ಸರದಿ ಕೊಡ್ಬೇಕಂತೆ. ಅವರೂ ಕಡೀತಾರಂತೆ. ಎರಡಕ್ಕೂ ಅದೇ ಪದ ಕಣ್ರೇ" ಎಂದು ಹೆಂಗಸರಿಗೆ ವಿವರಿಸಿದರು. ಆಕೆಯನ್ನು ಕೂರಿಸಿ, ಹಿಂದೆ ನಿಂತು, ಕೈಯ ಮೇಲೆ ಕೈಯಿಟ್ಟು ಕೆಂಪು ಕಡ್ಡಿಯನ್ನು ಒತ್ತಿಸಿದರು. ಮೊದಲು ಚುಕ್ಕೆ ಚುಕ್ಕೆಯಾಗಿ ಹಿಡಿಯಿತು. ಮಾವ ಮುಂದೆ ಬಗ್ಗಿ, "ಒಸಿ ಒತ್ತಿ, ಒಸಿ ಒತ್ತಿ" ಎಂದರು. ಒಸಿ ಎಂದರೆ ಸ್ವಲ್ಪ ಎಂದು ಆಕೆಗೆ ಯಾರೂ ಹೇಳಲಿಲ್ಲ, ಆದರೆ ಒತ್ತಿದರು. ಬೋಳು ಮರದ ಸುತ್ತ ಕೆಂಪು ಪಟ್ಟಿ ಮೂಡಿತು. ಅಂಚು ಸೊಟ್ಟಗಿತ್ತು. ಆಕೆ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಲೋಟದಲ್ಲಿ ನೀರು ಕೊಡಿ ಎಂದು ಸನ್ನೆ ಮಾಡಿದರು. ಎಲ್ಲರೂ ನಕ್ಕರು, ಮಾವ ಎಲ್ಲರಿಗಿಂತ ಜೋರಾಗಿ ನಕ್ಕರು.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಆಕೆಗೆ ಮುದ್ದೆ ಮುರಿಯುವುದನ್ನು ಕಲಿಸಲು ಹೋಗಿ ಸೋತು, ಕೊನೆಗೆ ಚಮಚ ಕೊಟ್ಟರು. ಸಂಜೆಯ ರೈಲಿಗೆ ಕಳಿಸಿದೆವು.

ಈಗ ಅಕ್ಕನೂ ಆ ಗಿರಾಕಿಯೂ ಬರೆಯುವುದನ್ನು ಬಿಟ್ಟಿದ್ದಾರೆ. ಫೋನಿನಲ್ಲಿ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಮೊದಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಈಗ ಕರೆಯುವುದೂ ಅಪರೂಪ. ಹೋದ ವಾರ ಮುಸ್ಸಂಜೆ ತರಕಾರಿ ತರಲು ಹೋಗಿದ್ದವಳು ವಾಪಸ್ಸು ಬರುವಾಗ ಅಕ್ಕ ಹಿತ್ತಲಿನಲ್ಲಿ ಫೋನು ಹಿಡಿದು ನಿಂತಿದ್ದರು. ಹೊಸ ಆನೆಯನ್ನು ತೋರಿಸುತ್ತಿದ್ದ ಹಾಗಿತ್ತು. ಅಷ್ಟರಲ್ಲಿ ಶೆಡ್ಡಿನ ಮಿಷನ್ನುಗಳೆಲ್ಲ ಒಂದೊಂದೇ ಉಸಿರು ಬಿಟ್ಟು ನಿಂತವು. ದೀಪವೂ ಆರಿತು.

"ಕರೆಂಟ್ ವೆಂಟ್, ಸಿಸ್ಟರ್" ಎಂದರು ಅಕ್ಕ, ಕತ್ತಲಿನಲ್ಲಿ ಆರಾಮಾಗಿ.

ಆ ಕಡೆಯಿಂದ ಏನೋ ಕೇಳಿದರು.

"ಸೂನ್ ಕಮ್. ಯೂ ವೇಟ್, ಐ ವೇಟ್."

ಫೋನಿನ ಬೆಳಕಿನಲ್ಲಿ ಅವರ ಮುಖ ಮಾತ್ರ ಕಾಣುತ್ತಿತ್ತು. ಒಳಗೆ ಹೋಗಬೇಕೆನಿಸಲಿಲ್ಲ. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮನೆಯ ಕಡೆ ನಡೆದೆ.